ಎರಡೂ ಎಡತೋಳು

ನಮ್ಮ ಹೊಲಿಗೆ ಟೀಚರ್ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ನಮ್ಮನ್ನು ಬೈಯುವಾಗಲೂ ಒಂದು ಸೂಜಿ ಕೆಳಗೆ ಬೀಳುತ್ತಿರಲಿಲ್ಲ. ಬಲಗೈ ಹೆಬ್ಬೆರಳಿನ ಉಗುರು ಸೀಳಿ ಕಪ್ಪಗಾಗಿತ್ತು. ಯಾವತ್ತೋ ಮಿಷನ್ನಿನ ಸೂಜಿ ಹೊಕ್ಕಿತ್ತಂತೆ. ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ಅವರ ಕ್ಲಾಸು. ನಾನು ಬುಕ್ಕಾಂಬುಧಿಯಿಂದ ಬಸ್ಸಿಗೆ ಹೋಗುತ್ತಿದ್ದೆ.

ಟೀಚರ್ ಕ್ರಿಶ್ಚಿಯನ್ನರು. ಬೆಳಿಗ್ಗೆ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚುವರು, ಆಮೇಲೆ ಕೆಲಸ. ಆಯುಧಪೂಜೆ ಬಂದರೆ, "ನಿಮ್ ಮಿಷನ್ನಿಗೆ ನೀವು ಕುಂಕುಮ ಹಚ್ಕೊಳ್ರೇ, ಬಟ್ಟೆಗೆ ಮಾತ್ರ ತಾಗಿಸ್ಬೇಡಿ" ಎನ್ನುವರು. ಹೊಲಿಗೆ ಕೆಟ್ಟಿತೆಂದು ನಾವು ಸಿಟ್ಟಿನಿಂದ ದಾರ ಎಳೆದರೆ ಕೈಗೆ ಒಂದು ಏಟು. "ಬಟ್ಟೇದೇನೇ ತಪ್ಪು? ನಿಧಾನಕ್ಕೆ ಬಿಚ್ಚು."

ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡವಳೊಬ್ಬಳಿದ್ದಳು. ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಗಂಡನ ಹೊಡೆತ ತಾಳದೆ ಬಂದವಳಿಗೆ ಟೀಚರ್ ತಮ್ಮ ಮನೆಯಲ್ಲೇ ಚಾಪೆ ಹಾಸಿಕೊಟ್ಟು, ಕತ್ತರಿ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದ್ದರು. ಅವಳೇ ಹೋಗಿ ಕೋಣೆಯ ಮಾಲೀಕನ ಕಿವಿಯೂದಿದಳು: "ಟೀಚರ್ ಹುಡುಗೀರ ಮತ ಬದಲಾಯಿಸ್ತಾವ್ರೆ ಕಣ್ರೀ." ಶುದ್ಧ ಸುಳ್ಳು! ಆದರೆ ಜನ ಸೇರಿದರು, ಕೂಗಾಡಿದರು, ಮಿಷನ್ನುಗಳನ್ನು ಬೀದಿಗೆ ತಂದಿಟ್ಟರು. ಸ್ವಲ್ಪ ದಿನಕ್ಕೆ ಅದೇ ಕೋಣೆಯ ಮೇಲೆ ಅವಳ ಹೊಲಿಗೆ ಅಂಗಡಿಯ ಬೋರ್ಡು ಬಂತು. ಅಲ್ಲಿಂದಾಚೆ ನಾನು ಅವಳನ್ನು ಅಕ್ಕ ಅನ್ನಲಿಲ್ಲ. ಹೆಸರು ಕೇಳಿದರೇ ಮೈ ಉರಿಯುತ್ತಿತ್ತು.

ಟೀಚರ್ ಮನೆಯಲ್ಲೇ ಹೊಲಿಯತೊಡಗಿದರು. ನಾನೊಬ್ಬಳು ಅವರ ಜೊತೆ ಉಳಿದೆ. ಒಂದು ಮಧ್ಯಾಹ್ನ ಹೂವಿನ ಹೆಂಗಸು ಬಂದು ಉಸಿರು ಬಿಡದೆ ಹೇಳಿದಳು: "ನಾಳೆ ಕಡೂರಲ್ಲಿ ಧಾರೆ ಕಣ್ರೀ. ಮದುಮಗಳ ಬ್ಲೌಸಿಗೆ ಎರಡೂ ಎಡತೋಳು ಕತ್ತರಿಸ್ಬಿಟ್ಟವ್ಳೆ ನಿಮ್ ಕೋಣೇಲಿರೋಳು! ಹುಡುಗೀನ ಕರ್ಕೊಂಡು ಅವಳ ಅಣ್ಣಂದಿರು ಅಂಗಡೀಲಿ ಕೂತವ್ರೆ. ಮಿಷನ್ ಎತ್ತಿ ಎಸೀತೀವಿ, ನಿನ್ನ ಊರು ಬಿಡಿಸ್ತೀವಿ ಅಂತಾವ್ರೆ."

ಬಟ್ಟೆಯನ್ನು ಎದುರುಬದುರು ಮಡಿಸದೆ ಒಂದರ ಮೇಲೊಂದು ಹಾಗೇ ಇಟ್ಟು ಕತ್ತರಿಸಿದರೆ ಹೀಗಾಗುತ್ತದೆ. ಹೊಸಬರು ಮಾಡುವ ತಪ್ಪು. ಜರಿಯಂಚಿನ ರೇಷ್ಮೆ ಬೇರೆ, ಮಗುಚಿ ಹೊಲಿಯುವ ಹಾಗೂ ಇಲ್ಲ. ನನಗೆ ಒಳಗೇ ಖುಷಿ. "ಅನುಭವಿಸ್ಲಿ ಬಿಡಿ ಟೀಚರ್" ಅಂದೆ.

ಟೀಚರ್ ತುಟಿಯ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. "ಕತ್ತರಿ ತಗೊ, ನಡಿ."

"ನಾನ್ ಬರಲ್ಲ."

"ಬರ್ಬೇಡ. ಕತ್ತರಿ ಕೊಡು."

ಅವರೊಬ್ಬರನ್ನೇ ಆ ಬೀದಿಗೆ ಕಳಿಸಲು ಧೈರ್ಯವಾಗದೆ ಹಿಂದೆಯೇ ಹೋದೆ. ಅಂಗಡಿಯ ಬಾಗಿಲಲ್ಲಿ ಮದುಮಗಳ ಅಣ್ಣ ಕೈ ಅಡ್ಡ ಇಟ್ಟ. "ಏನಮ್ಮಾ, ನಿನ್ನ ಯಾರು ಕರೆದ್ರು ಇಲ್ಲಿಗೆ?"

"ಯಾರೂ ಕರೀಲಿಲ್ಲಪ್ಪ. ತಂಗಿ ಬ್ಲೌಸ್ ಆಗ್ಬೇಕಲ್ಲ, ದಾರಿ ಬಿಡು."

ಅವನು ಮಿಕಿಮಿಕಿ ನೋಡಿ ಕೈ ತೆಗೆದ. ಒಳಗೆ ಅವಳು ರೇಷ್ಮೆ ತುಂಡನ್ನು ಎದೆಗವಚಿಕೊಂಡು ಗೋಡೆಗೆ ಒರಗಿದ್ದಳು. "ಟೀಚರ್, ನಾನು..."

"ಮಾತು ಆಮೇಲೆ. ಉಳಿದ ಚೂರುಪಾರು ಎಲ್ಲಿ, ತಾ."

ಟೀಚರ್ ಮತ್ತೆ ಸೂಜಿ ಕಚ್ಚಿಕೊಂಡರು. ಬೆನ್ನ ಹಿಂದೆ ಅಣ್ಣಂದಿರು ಹಲ್ಲು ಕಡಿಯುತ್ತಾ ನಿಂತಿದ್ದರು. ನಾನು ದಾರ ಪೋಣಿಸಿ ಕೊಟ್ಟೆ. ಟೀಚರ್ ಒಂದು ತೋಳನ್ನು ಬಲಗೈಗೆ ಹೊಂದುವಂತೆ ತಿದ್ದಿ, ಸಾಲದ ಕಡೆ ಕಂಕುಳ ಕೆಳಗೆ ಸಣ್ಣ ತುಂಡು ಕೂಡಿಸಿದರು. ಮದುಮಗಳು ತೊಟ್ಟು ಕೈಯೆತ್ತಿದಳು. ಎಲ್ಲಿ ಜೋಡಿಸಿದ್ದೆಂದು ಹುಡುಕಿದರೂ ಯಾರಿಗೂ ಗೊತ್ತಾಗಲಿಲ್ಲ. ಅಣ್ಣಂದಿರು ತಂಗಿಯನ್ನು ಕರೆದುಕೊಂಡು ಹೋದರು. ಅವಳು ಟೀಚರ್ ಕಾಲಿಗೆ ಬಿದ್ದಳು.

"ಏಳೇ, ನೆಲದ್ಮೇಲೆ ಸೂಜಿ ಇದಾವೆ, ಚುಚ್ತವೆ."

ದಾರಿಯಲ್ಲಿ ನಾನು ಸಿಡಿದೆ. "ಅವ್ಳು ಮಾಡಿದ್ದು ನಿಮಗೆ ನೋವೇ ಆಗ್ಲಿಲ್ವಾ?"

"ಆಗ್ದೆ ಇರುತ್ತಾ? ಈಗ್ಲೂ ಆಗ್ತೈತೆ. ಆ ಬಾಗಲು ದಾಟುವಾಗ ವಾಪಸ್ ಹೋಗ್ಬಿಡಾಣ ಅನ್ನಿಸ್ತು ಕಣೇ." ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡರು. "ನಮ್ ಯೇಸುಸ್ವಾಮಿ ತನ್ನನ್ನ ಶತ್ರುಗಳಿಗೆ ಹಿಡ್ಕೊಡೋ ಶಿಷ್ಯನ ಕಾಲೂ ಗೊತ್ತಿದ್ದೇ ತೊಳೆದ್ರು. ನಂದೇನು, ಬರೀ ಒಂದು ತೋಳು."

ಕಳೆದ ವರ್ಷ ಟೀಚರ್ ತೀರಿಕೊಂಡರು. ಬಿಳಿ ಸೀರೆ, ಬಿಳಿ ಬ್ಲೌಸಿನಲ್ಲೇ ಮಣ್ಣಿಗಿಡಬೇಕೆಂದು ಮೊದಲೇ ಹೇಳಿದ್ದರು. ತರೀಕೆರೆಯಿಂದ ಪಾದ್ರಿಗಳು ಬರುವುದರೊಳಗೆ ಬ್ಲೌಸು ಆಗಬೇಕಿತ್ತು. ಅವರದೇ ಕತ್ತರಿ ಹಿಡಿದು ಕೂತರೆ ಕಣ್ಣು ಮಂಜಾಗಿ ಗೆರೆಯೇ ಕಾಣದು. ತಲೆಯೆತ್ತಿದಾಗ ಗೇಟಿನಾಚೆ ಅವಳು ನಿಂತಿದ್ದಳು. ಒಳಗೆ ಬರಲು ಧೈರ್ಯವಿಲ್ಲ, ಹೋಗಲು ಮನಸ್ಸಿಲ್ಲ. ಆಡಿದ ಸುಳ್ಳನ್ನು ಊರ ಮುಂದೆ ಅವಳು ಒಂದು ದಿನವೂ ಒಪ್ಪಿಕೊಂಡವಳಲ್ಲ. ನನ್ನ ಸಿಟ್ಟು ಆರಿರಲಿಲ್ಲ. ಇವತ್ತಿಗೂ ಪೂರಾ ಆರಿಲ್ಲ. ಟೀಚರಿಗಿದ್ದ ಮನಸ್ಸು ನನಗೆಲ್ಲಿಂದ ಬರಬೇಕು? ಅವರು ಕಲಿಸಿದ ಕೈ ಮಾತ್ರ ನನ್ನದು.

ಆ ಕೈಯಿಂದಲೇ ಗೇಟು ತೆಗೆದೆ.

"ಅಕ್ಕಾ, ಒಳಗ್ ಬಾ. ಎಡತೋಳು ನಾನು ಹೊಲೀತೀನಿ. ಬಲತೋಳು ನೀನು ಹೊಲಿ."