ಅಜ್ಜಿಯ ಅರ್ಧ ಗಂಟೆ ನೀರು

ಒಮಾನಿನ ಇಬ್ರಾ ಪೇಟೆ ದಾಟಿ ಬೋಳುಗುಡ್ಡಗಳ ನಡುವೆ ಒಂದೂವರೆ ಗಂಟೆ ಹೋದರೆ ಆ ಹಳ್ಳಿ. ಅಲ್ಲಿನ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸಲು ಮಸ್ಕತ್ತಿನಿಂದ ನಾವು ನಾಲ್ವರು ಹೆಂಗಸರು ಹೋಗಿದ್ದೆವು. ಎರಡು ಸಾವಿರದ ಐದೋ ಆರೋ ಇರಬೇಕು, ಜುಲೈ ತಿಂಗಳು. ಎರಡು ವಾರದ ಶಿಬಿರ. ಉಳಿದ ಮೂವರು ಟೀಚರುಗಳು, ನಾನೊಬ್ಬಳೇ ಮನೆಯಲ್ಲಿರುವವಳು. ಅವರಿಗೆ ಇಂಗ್ಲಿಷು, ಲೆಕ್ಕ. ನನಗೆ ಕಾಗದದ ಹೂವು, ಬಣ್ಣ, ಮತ್ತು ಕೊನೆಯ ಪೀರಿಯಡ್ಡಿನ ಸೋಶಿಯಲ್ ಸರ್ವಿಸ್. ಅದನ್ನು ನಾನೇ ಕೇಳಿ ತೆಗೆದುಕೊಂಡಿದ್ದೆ. ಮಂಗಳೂರಿನ ಕಾನ್ವೆಂಟಿನಲ್ಲಿ ಶುಕ್ರವಾರ ಸಂಜೆ ಸಿಸ್ಟರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಕಂಪೌಂಡಿನ ಕಸ ಹೆಕ್ಕಿಸುತ್ತಿದ್ದರು. ನನಗೆ ಅದು ಬಹಳ ಪ್ರೀತಿಯ ಕೆಲಸ.

ಎರಡನೆಯ ವಾರದ ಭಾನುವಾರ ಪುಟ್ಟ ಮಕ್ಕಳನ್ನು ಕರೆದುಕೊಂಡು ಫಲಜಿನ ಕಡೆಗೆ ಹೋದೆ. ಗುಡ್ಡದ ಬುಡದಿಂದ ನೀರನ್ನು ಖರ್ಜೂರದ ತೋಟಗಳಿಗೆ ತರುವ ಮೊಣಕಾಲಾಳದ ಕಾಲುವೆಗೆ ಅಲ್ಲಿ ಫಲಜ್ ಎನ್ನುತ್ತಾರೆ. ಬದಿಯಲ್ಲಿ ಬಿದ್ದಿದ್ದ ಚಿಪ್ಸ್ ಪೊಟ್ಟಣ, ಜ್ಯೂಸಿನ ಡಬ್ಬಿಗಳನ್ನೆಲ್ಲ ಹೆಕ್ಕಿದೆವು. ಸ್ವಲ್ಪ ಮುಂದೆ, ಕಾಲುವೆಗೆ ಅಡ್ಡವಾಗಿ ಒಂದು ಚಪ್ಪಟೆ ಕಲ್ಲೂ ಅದರ ಸಂದಿಗೆ ತುರುಕಿದ ಒದ್ದೆ ಗೋಣಿಯೂ ಕಂಡವು. ಕಸ ಬಂದು ಸಿಕ್ಕಿಕೊಂಡಿದೆ ಎಂದುಕೊಂಡೆ. ಏಳು ವರ್ಷದ ಒಬ್ಬ ಹುಡುಗಿ, ಉಗುರಿಗೆಲ್ಲ ಮದರಂಗಿ ಹಚ್ಚಿಕೊಂಡವಳು, ನನ್ನ ತೋಳು ಹಿಡಿದು, "ಲಾ, ಅಬ್ಲಾ" ಎಂದಳು. ಲಾ ಎಂದರೆ ಬೇಡ, ಅಬ್ಲಾ ಎಂದರೆ ಟೀಚರ್. ಇವೆರಡು ಪದ ನಾನು ಮೊದಲ ದಿನವೇ ಕಲಿತಿದ್ದೆ. ಮಗುವಿಗೆ ಕೈ ಕೆಸರಾಗುವುದು ಇಷ್ಟವಿಲ್ಲ ಎಂದು ನಕ್ಕು, ನಾನೇ ಸೆರಗು ಸಿಕ್ಕಿಸಿ ಇಳಿದು ಗೋಣಿ ಎಳೆದು ಚೀಲಕ್ಕೆ ಹಾಕಿದೆ, ಕಲ್ಲನ್ನು ಬದಿಗಿಟ್ಟೆ. ನೀರು ಸರಾಗವಾಗಿ ಓಡಿತು. ಮಕ್ಕಳು ಚಪ್ಪಾಳೆ ತಟ್ಟಲಿಲ್ಲ. ಆ ಹುಡುಗಿ ನೀರು ಹೋದ ಕಡೆಗೇ ನೋಡುತ್ತಿದ್ದಳು.

ಸಂಜೆ ಹಾಲಿನ ಪುಡಿ ತರಲು ಅಂಗಡಿಗೆ ಹೋದಾಗ ವಿಷಯ ತಿಳಿಯಿತು. ಅಂಗಡಿಯವರು ಉಳ್ಳಾಲದ ಕಡೆಯ ಬ್ಯಾರಿ. ಅಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು, ನನಗಿಂತ ಹಿರಿಯರಾದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು.

"ಅಕ್ಕಾ, ನೀವು ಬೆಳಿಗ್ಗೆ ಎಂಥ ಮಾಡಿದ್ದು ಗೊತ್ತುಂಟಾ?" ಎಂದರು, ಪೊಟ್ಟಣವನ್ನು ಕೈಯಲ್ಲೇ ಇಟ್ಟುಕೊಂಡು.

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಫಲಜಿನ ನೀರು ಪಾಲಿನದು. ಒಂದೊಂದು ತೋಟಕ್ಕೆ ಒಂದೊಂದು ಸರದಿ. ಸರದಿ ಬಂದವರು ಕಾಲುವೆಗೆ ಕಲ್ಲು ಅಡ್ಡವಿಟ್ಟು, ಗೋಣಿ ತುರುಕಿ, ನೀರನ್ನು ತಮ್ಮ ತೋಟಕ್ಕೆ ತಿರುಗಿಸಿಕೊಳ್ಳುತ್ತಾರೆ. ಆ ಹುಡುಗಿಯ ಅಜ್ಜಿ, ಗಂಡ ಇಲ್ಲದವರು, ಅವರ ಪಾಲು ಎಂಟು ದಿನಕ್ಕೊಮ್ಮೆ ಅರ್ಧ ಗಂಟೆ. ಗೋಣಿ ಇಟ್ಟು ತೋಟದ ಆ ತುದಿಗೆ ಹೋಗಿದ್ದರಂತೆ. ನೀರು ನಿಂತಿತೆಂದು ಕೋಲೂರಿಕೊಂಡು ವಾಪಸು ಬರುವಷ್ಟರಲ್ಲಿ ಸರದಿ ಮುಗಿದಿತ್ತು.

"ಖರ್ಜೂರ ತಡೀತದೆ. ಹೋದ ವರ್ಷ ಮೂರು ನಿಂಬೆ ಸಸಿ ಹಾಕಿದ್ದಾರೆ. ಅದು ತಡಿಯೋದಿಲ್ಲ."

ಮಗು ಹೇಳಲಿಲ್ಲವಾ ಎಂದು ನಾನೇ ಕೇಳಿಬಿಟ್ಟೆ. ಕೇಳಬಾರದಿತ್ತು.

"ಹೇಳಿತಂತೆ. ಅಬ್ಲಾ ನಕ್ಕರಂತೆ."

ಆಗಲೇ ಅವರನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋದೆ. ಬಂದ ಕಾರಣ ಹೇಳಲು ಅಜ್ಜಿ ಬಿಡಲೇ ಇಲ್ಲ. ಖರ್ಜೂರ ಬಂತು, ಏಲಕ್ಕಿ ಹಾಕಿದ ಅರಬಿ ಕಾಫಿ, ಕಹ್ವಾ ಬಂತು. ಮೂರು ಸಲ ಬಟ್ಟಲು ತುಂಬಿಸಿ, ನನ್ನ ಮಕ್ಕಳೆಷ್ಟು, ಅತ್ತೆ ಇದ್ದಾರಾ ಎಂದೆಲ್ಲ ವಿಚಾರಿಸಿದರು. ಹುಡುಗಿ ಕಂಬದ ಹಿಂದೆ ಕೂತಿದ್ದಳು. ಕೊನೆಗೆ ನಾನು ತಪ್ಪಾಯಿತೆಂದು ಹೇಳಿದ್ದನ್ನು ಬ್ಯಾರಿಗಳು ಅರಬಿಯಲ್ಲಿ ಹೇಳಿದಾಗ ಅಜ್ಜಿ ಒಂದು ಪ್ರಶ್ನೆ ಕೇಳಿದರು.

"ನಿಮ್ಮ ಊರಿನಲ್ಲಿ ನೀರಿಗೆ ಸರದಿ ಇಲ್ಲವಾ ಅಂತ ಕೇಳ್ತಾರೆ ಅಕ್ಕ."

ಇಲ್ಲ, ನಮ್ಮಲ್ಲಿ ಹರಿದುಹೋಗುವ ನೀರನ್ನು ಯಾರೂ ನೋಡುವುದಿಲ್ಲ ಎಂದೆ. ಅಜ್ಜಿ ನಂಬಿದಂತೆ ಕಾಣಲಿಲ್ಲ.

ಬೇರೆಯವರ ನೀರು ಕೇಳುವ ಹಾಗಿಲ್ಲ, ಜುಲೈಯಲ್ಲಿ ಯಾರಿಗೂ ಮಿಗುವುದಿಲ್ಲ. ಶಾಲೆಯ ಟ್ಯಾಂಕಿನಿಂದ ದಿನಕ್ಕೆ ಎರಡು ಬಕೆಟ್ ಹೊರುವುದೆಂದು ನಿಶ್ಚಯಿಸಿದೆ. ಅತಿಥಿ ನೀರು ಹೊರುವುದೇ ಎಂದು ಅಜ್ಜಿ ಒಪ್ಪಲಿಲ್ಲ. "ಕೇಳ್ಲಿಕ್ಕೆ ಹೋಗ್ಬೇಡಿ, ಸುಮ್ಮನೆ ತೆಕ್ಕೊಂಡು ಹೋಗಿ" ಎಂದರು ಬ್ಯಾರಿಗಳು.

ಬುಧವಾರ ಶಿಬಿರ ಮುಗಿಯಿತು. ಅಜ್ಜಿಯ ಮುಂದಿನ ಸರದಿ ಸೋಮವಾರಕ್ಕೆ. ನಾನು ಉಳಿಯುತ್ತೇನೆಂದು ಮಸ್ಕತ್ತಿನ ಮವಾಲೇಹಿನಲ್ಲಿರುವ ನಮ್ಮ ಮನೆಗೆ ಫೋನ್ ಮಾಡಿದಾಗ ಇವರು, "ಮೂರು ನಿಂಬೆ ಗಿಡಕ್ಕೆ ಐದು ದಿನ ಕೂರ್ತೀಯಾ? ಇಲ್ಲಿ ಮಾರ್ಕೆಟಿನಲ್ಲಿ ಚೀಲಗಟ್ಟಲೆ ನಿಂಬೆಹಣ್ಣು ಉಂಟಲ್ಲ ಮಾರಾಯ್ತಿ" ಎಂದರು. ಸೋಮವಾರ ಕಳೆದೇ ಬರುವುದು ಎಂದೆ. ಹಾಗಾದರೆ ಅಲ್ಲಿ ಫ್ಯಾನಾದರೂ ಉಂಟಾ ಎಂದು ಕೇಳಿದರು.

ಶಾಲೆಗೆ ಬೀಗ ಬಿತ್ತು. ಆರೋಗ್ಯ ಕೇಂದ್ರದ ಮಲಯಾಳಿ ನರ್ಸ್ ತನ್ನ ಕ್ವಾರ್ಟರ್ಸಿನಲ್ಲಿ ಜಾಗ ಕೊಟ್ಟಳು, ಅಲ್ಲಿಯ ನಲ್ಲಿಯಿಂದಲೇ ಬಕೆಟ್ ತುಂಬಿಸಿದೆ. ಬಿಸಿಲು ತಗ್ಗಿದ ಮೇಲೆ ಹೋದರೂ ದಾರಿಯ ಕಲ್ಲು ಚಪ್ಪಲಿಯೊಳಗೆ ಸುಡುತ್ತಿತ್ತು. ಸುರಿದ ನೀರು ಮಣ್ಣಿನ ಮೇಲೆ ಒಂದು ಉಸಿರಿನಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ. ಶುಕ್ರವಾರ ಮೂರನೆಯ ಸಸಿಯ ಎಲೆಗಳು ಒಳಮುಖವಾಗಿ ಸುರುಳಿಯಾದವು. ಎರಡು ಬಕೆಟ್ಟನ್ನೂ ಅದಕ್ಕೇ ಹಾಕೋಣವೆಂದು ಬಗ್ಗಿದರೆ, ಹುಡುಗಿ ಎಲ್ಲಿಂದಲೋ ಬಂದು ಬಕೆಟ್ಟಿನ ಹಿಡಿಯನ್ನು ಹಿಡಿದುಕೊಂಡು, ಉಳಿದೆರಡು ಸಸಿಗಳನ್ನು ತೋರಿಸಿ ತಲೆಯಾಡಿಸಿದಳು. ಈ ಸಲ ನಾನು ಅವಳು ಹೇಳಿದಂತೆ ನೀರನ್ನೆಲ್ಲ ಆ ಎರಡಕ್ಕೇ ಹಾಕಿದೆ.

ಸೋಮವಾರ ಅಜ್ಜಿ ಹೊಸ ಗೋಣಿಯೊಂದಿಗೆ ಬಂದರು. ತುರುಕುವುದು ಹೇಗೆಂದು ತೋರಿಸಿ, ನನ್ನ ಕೈಯಿಂದಲೇ ತುರುಕಿಸಿದರು. ನೀರು ತೋಟದೊಳಗೆ ತಿರುಗಿತು. ಎರಡು ಸಸಿಗಳು ಹಸಿರಾಗಿದ್ದವು. ಮೂರನೆಯದರ ಕಡ್ಡಿಯನ್ನು ಅಜ್ಜಿ ಉಗುರಿನಿಂದ ಕೆರೆದು ನೋಡಿದರು, ಒಳಗೂ ಕಂದು ಬಣ್ಣ. ಹುಡುಗಿ ಆ ಪಾತಿಗೆ ನೀರು ಹೋಗದಂತೆ ಕಾಲಿನಿಂದ ಮಣ್ಣು ಒತ್ತಿದಳು. ಅಜ್ಜಿ ಕೋಲಿನಿಂದ ಆ ಮಣ್ಣನ್ನು ಸರಿಸಿ ನೀರು ಬಿಟ್ಟರು. ಯಾಕೆಂದು ಕೇಳುವಷ್ಟು ಅರಬಿ ನನಗೆ ಬರುತ್ತಿರಲಿಲ್ಲ, ಬ್ಯಾರಿಗಳು ಅಂಗಡಿಯಲ್ಲಿದ್ದರು. ಉಳಿದೆರಡರಷ್ಟೇ ನೀರು ಒಣಗಿದ್ದಕ್ಕೂ ತುಂಬುವವರೆಗೆ ನಾವು ಮೂವರೂ ಅಲ್ಲೇ ನಿಂತಿದ್ದೆವು.