ಬಂದ್ ಮಾಡಲಾಗದ ಗಾಡಿ

ಮೊನ್ನೆ ಸಂಜೆ ಗುಮ್ಮಘಟ್ಟದಿಂದ ರಾಯದುರ್ಗಕ್ಕೆ ಶೇರ್ ಆಟೋದಲ್ಲಿ ಬರುತ್ತಿದ್ದೆ. ಹತ್ತು ಜನರ ನಡುವೆ ಮೊಣಕಾಲು ಮಡಚಿ ಕೂತಿದ್ದವಳಿಗೆ ಒಂದು ವಾಸನೆ ಬಡಿಯಿತು. ಸುಟ್ಟ ಬೆಲ್ಟಿನ ರಬ್ಬರು, ಅದರ ಜೊತೆಗೆ ತಾಮ್ರದ ತಂತಿಯ ವಾರ್ನಿಶ್ ಕರಗಿದ ಘಾಟು. ಪಕ್ಕದಾಕೆ ಸೆರಗನ್ನು ಮೂಗಿಗೆ ಹಿಡಿದಳು. ನಾನು ಡ್ರೈವರನ ಹೆಗಲು ತಟ್ಟಿ, "ತಮ್ಮಾ, ನಿಂದು ಡೈನಮೋ ಹೋತು. ಬಂದ್ ಮಾಡಬ್ಯಾಡ, ಹಂಗ ಹೊಡಿ" ಅಂದೆ. ಅವನು ನಂಬಲಿಲ್ಲ. ತರಕಾರಿ ಚೀಲ ಹಿಡಿದು ಕೂತ ಹೆಂಗಸಿನ ಮಾತನ್ನು ಯಾರು ನಂಬುತ್ತಾರೆ ಹೇಳಿ. ಬಂದ್ ಮಾಡಿ ಇಳಿದು ನೋಡಿದ. ಆಮೇಲೆ ಆಟೋ ಚಾಲೂ ಆಗಲಿಲ್ಲ. ಎಲ್ಲರೂ ಇಳಿದು ಜಾಲಿ ಗಿಡದ ಅರೆನೆರಳಲ್ಲಿ ನಿಂತೆವು. ನಿಂತ ಹೊತ್ತಿನಲ್ಲಿ ನೆನಪಾದದ್ದು ಇದು.

ನಾನೇನು ಮೆಕ್ಯಾನಿಕ್ಕಿನ ಮಗಳಲ್ಲ. ನನ್ನ ವಿದ್ಯೆ ಸೂಜಿಯದು. ಮದುವೆಯಾದ ಮೇಲೆ ನಾನೂ ನಮ್ಮನೆಯವರೂ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿದೆವು. ದಿನವಿಡೀ ನಾನು ಹೊಲಿಯುತ್ತಿದ್ದದ್ದು ಬರೀ ಜೇಬು. ಇಡೀ ಪ್ಯಾಂಟು ಹೇಗಿರುತ್ತದೆಂದು ಬೀದಿಯಲ್ಲಿ ಹೋಗುವವರನ್ನು ನೋಡಿ ತಿಳಿಯಬೇಕಿತ್ತು. ಮಗಳು ಗಂಗಾ ಹಾಲು ಬಿಟ್ಟ ಕೂಡಲೇ ಅತ್ತೆಯ ಹತ್ತಿರ ಬಿಟ್ಟಿದ್ದೆವು, ಗುಮ್ಮಘಟ್ಟದಾಚೆಯ ನಮ್ಮೂರಿನಲ್ಲಿ. ಅತ್ತೆ ಕುರಿ ಕಾಯುತ್ತ ಅವಳನ್ನೂ ಬೆಳೆಸಿದರು. ವರ್ಷಕ್ಕೆರಡು ಸಲ ಬಂದು ಹೋಗುತ್ತಿದ್ದೆವು. ಹೊರಟಾಗ ಮಗಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನ ಇರುತ್ತಿತ್ತು.

ರಾಯದುರ್ಗದಲ್ಲಿ ಓಣಿಗೊಂದು ಜೀನ್ಸ್ ಯುನಿಟ್ ಆದ ಕಾಲಕ್ಕೆ ನಾವೂ ಊರ ಕಡೆ ಮುಖ ಮಾಡಿದೆವು. ಒಂದು ಶೆಡ್ಡು, ಹದಿನಾಲ್ಕು ಮಷೀನು, ಒಂದು ಹೊಸ ವ್ಯಾನು. ಬೆಳಿಗ್ಗೆ ನಮ್ಮನೆಯವರು ಹಳ್ಳಿಗಳ ಮೇಲೆ ಹೋಗಿ ಹನ್ನೆರಡು ಹೆಣ್ಣುಮಕ್ಕಳನ್ನು ಕರೆತರಬೇಕು, ಸಂಜೆ ಬಿಟ್ಟು ಬರಬೇಕು. ಆ ಹೊತ್ತಿಗೆ ಆ ದಾರಿಯಲ್ಲಿ ಬಸ್ಸಿರಲಿಲ್ಲ. ವ್ಯಾನು ಬಂದರೆ ಹೊಲಿಗೆ, ಇಲ್ಲವಾದರೆ ಇಲ್ಲ.

ರಾಯದುರ್ಗದಲ್ಲಿ ಮನೆ ಮಾಡಿ ಗಂಗಾಳನ್ನು ಕರೆಯಲು ಹೋದೆ. ಆಗ ಅವಳು ಎರಡನೇ ಕ್ಲಾಸು. ಹೊಸ ಲಂಗ ತೋರಿಸಿದೆ, ಹೊಸ ಶಾಲೆಯ ಆಸೆ ಹುಟ್ಟಿಸಿದೆ. ಅವಳು, "ನೀವು ಮತ್ತ ಬೆಂಗಳೂರಿಗೆ ಹೋಗ್ತೀರಿ. ನಾ ಇಲ್ಲೇ ಇರ್ತೀನಿ" ಅಂದಳು. ಇಲ್ಲವ್ವ, ದೇವರಾಣೆ ಹೋಗಂಗಿಲ್ಲ ಅಂದೆ. "ನೋಡಾನು" ಅಂದಳು. ಕುರಿ ವ್ಯಾಪಾರಕ್ಕೆ ಬಂದವರಿಗೆ ಅತ್ತೆ ಹೇಳುತ್ತಿದ್ದ ಮಾತು ಅದು. ಹಾಗೆ ಅಂದ ಮೇಲೆ ಅತ್ತೆಯನ್ನು ಒಪ್ಪಿಸಿದವರು ಕಡಿಮೆ.

ಅಷ್ಟರಲ್ಲಿ ವ್ಯಾನಿನ ಡೈನಮೋ ಹೋಯಿತು. ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವುದು ಅದೇ. ಅದು ಸತ್ತರೆ ಗಾಡಿ ಓಡುತ್ತಿರುವ ತನಕ ಓಡುತ್ತದೆ, ಒಮ್ಮೆ ನಿಂತರೆ ಕೀಲಿ ತಿರುಗಿಸಿದರೂ ಉಸಿರೆತ್ತುವುದಿಲ್ಲ. ನಮ್ಮ ಮೆಕ್ಯಾನಿಕ್ ಮಾಬಣ್ಣ ಎರಡು ಸಲ ತಂತಿ ಸುತ್ತಿಸಿದ. ಎರಡು ಸಲವೂ ಸುಟ್ಟಿತು. ಮೂರನೆಯ ಸಲ, "ಇದರ ಹುಟ್ಟೇ ಸರಿಯಿಲ್ಲಕ್ಕ" ಅಂತ ಬಿಚ್ಚಿ ಕೊಟ್ಟು, ಬೇರೆ ಯಾವುದೋ ಗಾಡಿಯ ಡೈನಮೋ ಕೂರಿಸಿದ. ಅದು ಸೊಟ್ಟಗೆ ಕೂತು ವಾರಕ್ಕೊಂದು ಬೆಲ್ಟು ಕಡಿಯಿತು. ನಾನು ನಿಂಬೆಹಣ್ಣು ಕಟ್ಟಿದೆ, ಬೂದುಗುಂಬಳಕಾಯಿ ಒಡೆದೆ, ಕಡೆಗೆ ಗಂಡನ ಮೇಲೆ ರೇಗಿದೆ. ಬೆಲ್ಟು ಮಾತ್ರ ಕಡಿಯುತ್ತಲೇ ಇತ್ತು.

ಆ ಆರು ತಿಂಗಳು ನಮ್ಮ ವ್ಯಾನು ಹಳ್ಳಿಗಳಲ್ಲಿ ಬಂದ್ ಮಾಡಿದ್ದೇ ಇಲ್ಲ. ಯಾರ ಮನೆಯ ಮುಂದೆ ನಿಂತರೂ ಗುರ್ ಅನ್ನುತ್ತಲೇ ಇರಬೇಕು. ಮಾತಾಡುವವರು ಅದರ ಸದ್ದಿನ ಮೇಲೆ ಕೂಗಿ ಮಾತಾಡಬೇಕು. ಅಪ್ಪಿತಪ್ಪಿ ಬಂದ್ ಆದರೆ ಹನ್ನೆರಡು ಜನರೂ ಇಳಿದು ಸೀರೆ ಮೇಲೆ ಕಟ್ಟಿ ತಳ್ಳುತ್ತಿದ್ದರು. ಹೊಲಿಗೆಗಿಂತ ತಳ್ಳುವುದರಲ್ಲೇ ಕೈ ಪಳಗಿತು ಅಂತ ಅವರೇ ನಗುತ್ತಿದ್ದರು. ವಾರದಲ್ಲಿ ಮೂರು ದಿನ ತಡ. ಬಟ್ಟೆ ಕಳಿಸುವ ಬಳ್ಳಾರಿಯ ಸಾಹುಕಾರರು ನಗಲಿಲ್ಲ. "ಈ ತಿಂಗಳೂ ಹಿಂಗ ಆದ್ರ ಬ್ಯಾರೆ ಯುನಿಟ್ ನೋಡ್ಕೊಂತೀನ್ರಿ" ಅಂದರು.

ಇಲ್ಲೊಂದು ತಪ್ಪು ಒಪ್ಪಿಕೊಳ್ಳಬೇಕು. ಯಾರಿಗೂ ಹೇಳದೆ ಬೆಂಗಳೂರಿನ ಹಳೇ ಸೂಪರ್‌ವೈಸರಿಗೆ ಫೋನು ಮಾಡಿ, ಜಾಗ ಐತೇನ್ರಿ ಅಂತ ಕೇಳಿದೆ. ಕೇಳಿದ್ದು ಅತ್ತೆಯ ಮನೆಯ ಕಟ್ಟೆಯ ಮೇಲೆ ಕೂತು. ತಿರುಗಿದರೆ ಗಂಗಾ ಬಾಗಿಲಲ್ಲಿ ನಿಂತಿದ್ದಳು. ತಿರುಗಿ ಒಳಗೆ ಹೋದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಆ ವಾರವೇ ನಮ್ಮೂರ ವಿಳಾಸಕ್ಕೆ ಗಾಡಿ ಕಂಪನಿಯಿಂದ ಒಂದು ಕಾಗದ ಬಂತು. ಶಾಲೆಯ ಮೇಷ್ಟ್ರು ಓದಿ ಹೇಳಿದರು: ಆ ವರ್ಷ ತಯಾರಾದ ಕೆಲವು ಗಾಡಿಗಳ ಡೈನಮೋದಲ್ಲಿ ದೋಷವಿದೆ, ಷೋರೂಮಿಗೆ ವಾಪಸ್ ತನ್ನಿ, ಬದಲಿಸಿ ಕೊಡುತ್ತೇವೆ. ನಮ್ಮನೆಯವರ ಕಿವಿಗೆ ಬಿದ್ದದ್ದು ವಾಪಸ್ ಅನ್ನುವುದೊಂದೇ. ಹೊರಗಿನ ಡೈನಮೋ ಹಾಕಿಸಿದ್ದು ಗೊತ್ತಾಗಿ ಗಾಡಿ ಕಸಿದುಕೊಳ್ಳುತ್ತಾರೆ ಎಂದು ಅವರ ಲೆಕ್ಕ. ನೇರ ಹೋಗಿ ಅತ್ತೆಯ ಕುರಿರೊಪ್ಪದ ಮುಳ್ಳುಬೇಲಿ ಸರಿಸಿ, ವ್ಯಾನನ್ನು ಒಳಗೆ ನಿಲ್ಲಿಸಿ, ಮೇಲೆ ಶೇಂಗಾ ಹೊಟ್ಟು ಹೊದಿಸಿದರು. ನಾನಾದರೂ ಬುದ್ಧಿ ಹೇಳಿದೆನೇ? ಹೊಟ್ಟು ಎಳೆದುಕೊಟ್ಟವಳು ನಾನೇ.

ಸಂಜೆ ಅತ್ತೆ ಕುರಿ ಹೊಡೆದುಕೊಂಡು ಬಂದರು. ಕುರಿಗಳು ಓಣಿಯಲ್ಲಿ ಬ್ಯಾ ಅನ್ನುತ್ತ ನಿಂತವು.

"ಏ ತಿಪ್ಪಾ, ಕುರಿ ಹೊರಗ ಬಿಟ್ಟು ಗಾಡಿ ರೊಪ್ಪದಾಗ ಕೂಡೀಯಲ್ಲ, ಬೆಳಿಗ್ಗಿ ಅದು ಮರಿ ಹಾಕ್ತೈತೇನು?"

ನಮ್ಮನೆಯವರು ತಾಯಿಗೆ ಕಾಗದದ ಕತೆ ಹೇಳಿದರು. ಅತ್ತೆ ಕಂಬಳಿ ಕೊಡವಿ ಕಟ್ಟೆಯ ಮೇಲೆ ಕೂತರು.

"ನಾವು ಮರಿ ಮಾರಿದ ಮ್ಯಾಲೆ ಅದರ ಜೊತಿ ಮರಿಗೆ ನಮ್ಮ ರೊಪ್ಪದಾಗ ರೋಗ ಕಂಡ್ರ ಏನ್ ಮಾಡ್ತೀವಿ?"

"ಕೊಂಡಾವ್ರಿಗೆ ಹೇಳಿ ಕಳಿಸ್ತೀವಿ."

"ಮತ್ತ?"

"ಮರಿ ತರ್ರಿ, ಬ್ಯಾರೆ ಕೊಡ್ತೀವಿ ಅಂತೀವಿ."

"ಹೇಳಿ ಕಳಿಸಿದಾವ ಕಳ್ಳ ಅಲ್ಲಲೇ. ಹೇಳದ ಸುಮ್ಮನ ಕುಂತಾವ ಕಳ್ಳ. ನಾಳೆ ಹೊಡಕೊಂಡು ಹೋಗು."

ಓದಿದ ಮೇಷ್ಟ್ರಿಗೂ ಹಾಗೆ ಬಿಡಿಸಿ ಹೇಳಲು ಬಂದಿರಲಿಲ್ಲ. ಗಂಗಾ ಅಜ್ಜಿಯ ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

ಮರುದಿನ ಬಳ್ಳಾರಿಗೆ ಹೋದೆವು, ದಾರಿಯುದ್ದಕ್ಕೂ ಬಂದ್ ಮಾಡದೆ. ಷೋರೂಮಿನ ಹುಡುಗರು ಬಾನೆಟ್ ಎತ್ತಿ, ಇದು ನಮ್ಮ ಕಂಪನಿಯದಲ್ಲ, ಹಳೆಯದನ್ನು ತಂದುಕೊಟ್ಟರೆ ಹೊಸದು, ಮೇಲಿನ ನಂಬರು ಸರಿಯಾಗಿ ಕಾಣಬೇಕು ಅಂದರು. ನಮ್ಮನೆಯವರ ಮುಖ ಇಳಿಯಿತು. ಮಾಬಣ್ಣ ಬಿಚ್ಚಿ ಕೊಟ್ಟದ್ದು ಎಲ್ಲಿ ಹೋಯಿತೆಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು, ಹೇಳಲು ಮಾತ್ರ ನಾಚಿಕೆ.

ವಿಷಯ ಏನೆಂದರೆ, ಜೀನ್ಸ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಜರುಗದಂತೆ ಮೇಲೆ ಭಾರ ಇಟ್ಟು ಕತ್ತರಿಸುತ್ತೇವೆ. ಕೆಲವರು ಕಲ್ಲು ಇಡುತ್ತಾರೆ, ಕೆಲವರು ತೂಕದ ಬಟ್ಟು. ನಾನು ಆ ಸತ್ತ ಡೈನಮೋ ಇಟ್ಟಿದ್ದೆ. ಎಣ್ಣೆ ಬಟ್ಟೆಗೆ ಹತ್ತಬಾರದೆಂದು ಉಳಿದ ಜೀನ್ಸ್ ತುಂಡಿನಲ್ಲಿ ಅದಕ್ಕೊಂದು ಗವಸು ಹೊಲಿದಿದ್ದೆ. ಹಳೇ ಚಟ ಹೋಗಬೇಕಲ್ಲ, ಗವಸಿಗೆ ಒಂದು ಜೇಬೂ ಇಟ್ಟಿದ್ದೆ, ಸೀಮೆಸುಣ್ಣ ಇಡಲು.

ಬಸ್ಸಿನಲ್ಲಿ ರಾಯದುರ್ಗಕ್ಕೆ ಹೋಗಿ ಅದನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಬಳ್ಳಾರಿಗೆ ಬಂದೆ. ಮೇಜಿನ ಮೇಲೆ ಇಟ್ಟಾಗ ಷೋರೂಮಿನ ಹಿರಿಯರು ಕನ್ನಡಕ ಸರಿಮಾಡಿಕೊಂಡರು.

"ಇದಕ್ಕ ಪ್ಯಾಂಟು ಯಾರು ಹೊಲಿದ್ರವ್ವ?"

"ನಾನ್ರಿ."

ಹೊಲಿಗೆ ಬಿಚ್ಚಿದರು. ಗವಸಿನೊಳಗೆ ಡೈನಮೋ ಮೇಲೆ ಅಂಟಿಸಿದ್ದ ಚೀಟಿ ಹೊಸದರಂತೆ ಇತ್ತು, ನಂಬರು ಅಕ್ಷರ ಅಕ್ಷರ ಓದಿಸಿಕೊಂಡಿತು. ಸಂಜೆಗೆ ಹೊಸ ಡೈನಮೋ, ಹೊಸ ಬ್ಯಾಟರಿ. ಗವಸನ್ನು ಅವರು ಮಡಚಿ ಮರಳಿ ಕೊಟ್ಟರು.

ಮರುದಿನ ಬೆಳಿಗ್ಗೆ ನಾನೂ ವ್ಯಾನಿನಲ್ಲಿ ಹೋದೆ. ಅತ್ತೆಯ ಮನೆಯ ಮುಂದೆ ನಿಂತೆವು. ಅಭ್ಯಾಸಬಲ, ನಮ್ಮನೆಯವರು ಎಂಜಿನ್ ಓಡುತ್ತಲೇ ಬಿಟ್ಟಿದ್ದರು. ಗಂಗಾ ಬಂದು ಅವರ ಕಿಟಕಿಯ ಕೆಳಗೆ ನಿಂತಳು.

"ಬಂದ್ ಮಾಡು."

ಅವರು ನನ್ನ ಮುಖ ನೋಡಿದರು. ಬಂದ್ ಮಾಡಿದರು. ಓಣಿ ಮೌನವಾಯಿತು. ಒಳಗಿದ್ದ ಹೆಣ್ಣುಮಕ್ಕಳು ಸೀರೆ ಮೇಲೆ ಕಟ್ಟಲು ಎದ್ದರು.

"ಈಗ ಚಾಲೂ ಮಾಡು."

ಆಯಿತು. ಮತ್ತೆ ಬಂದ್ ಮಾಡಿಸಿದಳು, ಮತ್ತೆ ಚಾಲೂ ಮಾಡಿಸಿದಳು. ಹೀಗೆ ಮೂರು ಸಲ. ಮರಿಯ ಹಲ್ಲು ಹಿಡಿದು ನೋಡುವ ಅತ್ತೆಯದೇ ಗಂಭೀರ ಮುಖ. ಆಮೇಲೆ ಒಳಗೆ ಹೋಗಿ ಶಾಲೆಯ ಚೀಲ, ಬಟ್ಟೆಯ ಗಂಟು ಎರಡನ್ನೂ ಹೊತ್ತು ತಂದಳು. ಗಂಟು ಮೊದಲೇ ಕಟ್ಟಿಟ್ಟದ್ದು. ಎಷ್ಟು ದಿನದ ಹಿಂದೆ ಕಟ್ಟಿದ್ದಳೋ ಅತ್ತೆ ಇವತ್ತಿಗೂ ಹೇಳಿಲ್ಲ. ನಾನು ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ. ಸೂಪರ್‌ವೈಸರಿಗೆ ಬರುವುದಿಲ್ಲ ಎಂದು ಅವತ್ತೇ ಹೇಳಿದೆ, ಅದೂ ಮಗಳಿಗೆ ಕೇಳುವಂತೆ.

ದೋಷ ಮುಚ್ಚಿಡಬಾರದೆಂದು ಅತ್ತೆ ಕುರಿಯ ಲೆಕ್ಕದಲ್ಲಿ ಕಲಿಸಿದರು, ಒಪ್ಪಿದೆ. ಆದರೆ ಮಾತು ಕೊಟ್ಟವರು ಮಾಡಿ ತೋರಿಸಬೇಕೆಂದು ಕಲಿಸಿದವಳು ಆ ಎರಡನೇ ಕ್ಲಾಸಿನವಳು.

ಜಾಲಿ ಗಿಡದ ಕೆಳಗೆ ಗಂಟೆ ಕಳೆದರೂ ಬೇರೆ ಆಟೋ ಬರಲಿಲ್ಲ. ಬುದ್ಧಿ ಹೇಳಲು ಹೋಗದೆ ಆ ಡ್ರೈವರನಿಗೆ ನನ್ನ ಚೀಲದಿಂದ ನೀರು ಕೊಟ್ಟು, ಮಗಳಿಗೆ ಫೋನು ಮಾಡಿದೆ. ಈಗ ನಮ್ಮ ಯುನಿಟ್ಟಿನ ಕಟಿಂಗ್ ಅವಳದೇ ಜವಾಬ್ದಾರಿ. ತಡ ಆಗ್ತೈತವ್ವ, ನೀ ಉಂಡು ಮಲಗು ಅಂದೆ.

"ಎಷ್ಟೊತ್ತಾದ್ರೂ ಬಾ," ಅಂದಳು. "ನೀ ಬರತೀ ಅಂತ ಗೊತ್ತೈತಿ. ಕೂಡೇ ಉಣ್ಣಾನು."