ವಿಮಾನ ಕಟ್ಟಿದವರ ಟ್ರಂಕು

ಕಳೆದ ತಿಂಗಳು ಮನೆ ಒರೆಸುವಾಗ ನನ್ನ ಮದುವೆಯ ಟ್ರಂಕಿನಿಂದ ತಗಡಿಗೆ ತಗಡು ಜೋಡಿಸುವ ರಿವೆಟ್ಟು ಮೊಳೆಯ, ಕಡಲೆಕಾಳಿನಷ್ಟು ದಪ್ಪದ ತಲೆಯೊಂದು ಟಣ್ಣನೆ ಉದುರಿತು. ಉದುರಿದ ಜಾಗದಲ್ಲಿ ತೂತಿರಬೇಕಲ್ಲವೇ? ಇರಲಿಲ್ಲ. ಕನ್ನಡಕ ಏರಿಸಿಕೊಂಡು, ಮುಚ್ಚಳ ತೆರೆದು ಒಳಗಿನಿಂದಲೂ ನೋಡಿದೆ. ತಗಡು ಸಪಾಟಾಗಿತ್ತು. ಯಾರೋ ಬರೀ ತಲೆಯನ್ನು ಕತ್ತರಿಸಿ ಬೆಸುಗೆ ಹಾಕಿ ಕೂರಿಸಿದ್ದರು. ಹಾಗಾದರೆ ಈ ಟ್ರಂಕು ಇಷ್ಟು ವರ್ಷ ಯಾವುದರ ಬಲದ ಮೇಲೆ ನಿಂತಿದೆ? ಕುತೂಹಲ ಹುಟ್ಟಿದರೆ ಕೈಯಲ್ಲಿದ್ದ ಕೆಲಸ ಬಿಡುವವಳು ನಾನು. ಹಂಸಭಾವಿಯ ನಮ್ಮ ಮನೆಯ ನೆಲ ಅಂದು ಅರ್ಧವೇ ಒರೆಸಿದ್ದು.

ಆ ಟ್ರಂಕು ಮಾಡಿದವರು ನನ್ನ ತವರೂರು ಸವಣೂರಿನ ಖಾದರ ಚಾಚಾ. ತಗಡಿನ ಕೆಲಸದ ಮನೆತನ. ಹರೆಯದಲ್ಲಿ ಉತ್ತರ ಪ್ರದೇಶದ ಕಾನಪುರಕ್ಕೆ ಹೋಗಿ, ವಿಮಾನದ ಕಾರಖಾನೆ ಸೇರಿ, ಎಷ್ಟೋ ವರ್ಷ ರೆಕ್ಕೆಗೆ ತಗಡು ಬಡಿದರು. ಆಮೇಲೆ ಊರಿಗೆ ಬಂದು ನಮ್ಮ ಓಣಿಯಲ್ಲೇ ಟ್ರಂಕಿನ ಅಂಗಡಿ ಹಾಕಿದರು.

ಅವರು ಕಟ್ಟಿದ್ದು ರೆಕ್ಕೆಗೊಂದರಂತೆ ಎರಡು ಪಂಖ ತಿರುಗುವ, ನಲವತ್ತು-ಐವತ್ತು ಜನ ಕೂರುವ ವಿಮಾನ. ನಕ್ಷೆ ವಿಲಾಯತಿಯದು. “ಮೊದಲ ಎಲ್ಲಾ ಭಾಗ ಅಲ್ಲಿಂದನ ಪೆಟ್ಟಿಗ್ಯಾಗ ಬರ್ತಿದ್ವು, ನಾವು ಬರೇ ಜೋಡಸ್ತಿದ್ವಿ. ಬರ್ತಾ ಬರ್ತಾ ತಗಡೂ ನಾವ ಬಡದ್ವಿ ಬೇಟಿ” ಎನ್ನುತ್ತಿದ್ದರು. ಸಣ್ಣ ಊರು, ಗಿಡ್ಡ ರನ್‌ವೇ, ಒರಟು ನೆಲ, ಎಲ್ಲಿಗಾದರೂ ಅದು ಸೈ. ಪಂಖ ತಿರುಗಿಸುವುದು ಜೆಟ್ಟಿನಂಥದೇ ಎಂಜಿನ್ನು ಎಂದು ನನಗೆ ತಿಳಿಸಲು ಒಮ್ಮೆ ಚಹಾದ ಕಿಟಲಿಯ ಮೂತಿಗೆ ಕಾಗದದ ತಿರುಗಣಿ ಹಿಡಿದರು. ಅದು ಉಗಿಗೆ ಗಿರ್ರನೆ ತಿರುಗಿತು. ನಾನೂ ಮನೆಯಲ್ಲಿ ಹಾಗೇ ಮಾಡಲು ಹೋಗಿ ಬೆರಳು ಸುಟ್ಟುಕೊಂಡೆ. ಇಷ್ಟೆಲ್ಲ ಹೇಳುವ ಚಾಚಾ ಒಂದು ದಿನವೂ ವಿಮಾನ ಹತ್ತಿರಲಿಲ್ಲ.

ಈಗ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಮದುವೆಯ ಟ್ರಂಕು ಕೊಳ್ಳುವಾಗ ಹೆಂಗಸರು ಮೊದಲು ಅದರ ಅಂಚಿಗೆ ಕೈಯಾಡಿಸುತ್ತಾರೆ. ರಿವೆಟ್ಟಿನ ತಲೆಗಳು ಕೈಗೆ ತಟ್ಟಬೇಕು, ತಟ್ಟಿದಷ್ಟೂ ಟ್ರಂಕು ಗಟ್ಟಿ. ವಿಮಾನ ಕಟ್ಟಿ ಚಾಚಾನ ಕೈಗೆ ಕೂತಿದ್ದ ವಿದ್ಯೆಯೇ ಬೇರೆ. ತಗಡಿಗೆ ಕುಳಿ ಮಾಡಿ, ತಲೆಯನ್ನು ಅದರೊಳಗೆ ಕೂರಿಸಿ, ಮೇಲೆ ಏನೂ ಏಳದಂತೆ ಬಡಿಯುವುದು. ಹಾನಗಲ್ಲಿನಿಂದ, ಶಿಗ್ಗಾಂವದಿಂದ ಬಂದವರು ಕೈಯಾಡಿಸಿ, ಮೂತಿ ತಿರುವಿ ಹೋಗುತ್ತಿದ್ದರು. ಚಾಚಾ ಪಾಪ, ಟ್ರಂಕಿನ ಮೇಲೆ ಹತ್ತಿ ನಿಂತು ತೋರಿಸುತ್ತಿದ್ದರು. ಆದರೂ ಯಾರೂ ನಂಬುತ್ತಿರಲಿಲ್ಲ.

ನನ್ನ ಟ್ರಂಕಿಗೂ ಅದೇ ಆಯಿತು. ಅವ್ವ ಎರಡು ಸಲ ಕೈಯಾಡಿಸಿ, “ಖಾದರಣ್ಣ, ಇದಕ್ಕ ರಿವೆಟ್ಟ ಇಲ್ಲಲ್ಲೋ! ಬೀಗರ ಮುಂದ ನನ್ನ ಮಾನ ಕಳೀಬ್ಯಾಡ” ಎಂದಳು.

“ಅದಾವ ಅಕ್ಕಾ, ಕಾಣೂದಿಲ್ಲ ಅಷ್ಟ. ತಲಿ ಮ್ಯಾಲೆದ್ರ ಗಾಳಿ ಹಿಡದು ಜಗ್ತೈತಿ.”

“ನನ್ನ ಮಗಳ ಟ್ರಂಕೇನು ಹಾರಾಡತೈತೇನು?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆಗ ನಾನು ಸುಮ್ಮನಿರಬೇಕಿತ್ತು. ಮದುವೆ ಗೊತ್ತಾದ ಹುಡುಗಿಯ ಹುರುಪು ನೋಡಿ. “ಚಾಚಾ, ಖರೇನ ವಿಮಾನ ಕಟ್ಟೀರೋ, ಅಲ್ಲೆ ಬರೇ ಕಸಾ ಹೊಡೀತಿದ್ರೋ?” ಎಂದುಬಿಟ್ಟೆ. ನಗು ಇನ್ನೂ ಜೋರಾಯಿತು. ಚಾಚಾ ನಗಲಿಲ್ಲ. “ನಾಳೆ ಬರ್ರಿ, ಹಾಕಿ ಕೊಡ್ತೇನಿ” ಎಂದಷ್ಟೇ ಹೇಳಿದರು. ಯಾವಾಗಲೂ ಬೇಟಿ ಎಂದು ಕರೆಯುತ್ತಿದ್ದವರು ಅಂದು ನನಗೂ ಸೇರಿಸಿ ‘ಬರ್ರಿ’ ಎಂದರು. ಮರುದಿನ ದಪ್ಪ ದಪ್ಪ ತಲೆಗಳು ಎದ್ದಿದ್ದವು. ಅವ್ವ ಒಪ್ಪಿದಳು.

ಚಾಚಾ ತೀರಿಹೋಗಿ ಬಹಳ ವರ್ಷವಾಯಿತು. ಅವರ ವಿಮಾನವನ್ನೂ, ಜೆಟ್ಟುಗಳು ಬಂದ ಮೇಲೆ, ಪಂಖದ್ದು ಹಳೆಯ ಕಾಲದ್ದು ಎಂದು ಪ್ರಯಾಣಿಕರ ಸೇವೆಯಿಂದ ತೆಗೆದರು. ಸೈನ್ಯದವರು ಮಾತ್ರ ಕೈಬಿಡಲಿಲ್ಲ. ಸಾಮಾನು ಸಾಗಿಸಲು, ಹೊಸಬರಿಗೆ ಕಲಿಸಲು ದಶಕಗಟ್ಟಲೆ ಹಾರಿಸಿದರು. ಈಗ ನೋಡಿದರೆ ಸಮೀಪದ ಊರುಗಳಿಗೆ ಎಣ್ಣೆ ಕಡಿಮೆ ಕುಡಿಯುವುದು ಪಂಖದ ವಿಮಾನವೇ ಎಂದು ಹೊಸ ತಳಿಯವು ಹುಬ್ಬಳ್ಳಿಗೂ ಬಂದಿವೆ.

ಟ್ರಂಕಿನ ರಿವೆಟ್ಟಿನ ತಲೆ ಉದುರಿದ ಮರುವಾರವೇ ಅಂಥದೊಂದರಲ್ಲಿ ಹೈದರಾಬಾದಿನ ತಂಗಿಯ ಮನೆಗೆ ಹೊರಟೆ. ಮೆಟ್ಟಿಲ ಮೇಲೆ ನಿಂತು, ಬಾಗಿಲ ಪಕ್ಕದ ಮೈಗೆ ಅಂಗೈ ಇಟ್ಟು ಮೆಲ್ಲಗೆ ಆಡಿಸಿದೆ. ಕಣ್ಣಿಗೆ ಚುಕ್ಕಿಗಳ ಸಾಲು ಕಾಣುತ್ತಿತ್ತು. ಕೈಗೆ ಒಂದೂ ತಟ್ಟಲಿಲ್ಲ.

“ಅಮ್ಮಾ, ಏನಾದರೂ ಬಿತ್ತಾ?” ಎಂದಳು ಬಾಗಿಲಲ್ಲಿದ್ದ ಹುಡುಗಿ.

“ಇಲ್ಲವ್ವಾ, ನಮ್ಮೂರಾಗ ಇದನ್ನ ಮಾಡೋರು ಒಬ್ಬರಿದ್ರು” ಎಂದೆ. ದಾರಿಯುದ್ದಕ್ಕೂ ಕಿಟಕಿಗಿಂತ ಹೆಚ್ಚಾಗಿ ನನ್ನ ಅಂಗೈಯನ್ನೇ ನೋಡಿಕೊಂಡೆ. ಆ ಮನುಷ್ಯನಿಗೆ ಕಸ ಹೊಡೆಯುತ್ತಿದ್ದಿರಾ ಎಂದು ಕೇಳಿದ್ದೆನಲ್ಲ ಎಂದು ನಾಚಿಕೆಯಾಯಿತು.

ಊರಿಗೆ ಬಂದವಳೇ ಟ್ರಂಕಿನ ಅಂಚಿನ ಬಣ್ಣ ಕೆರೆದೆ. ಅಲ್ಲಿದ್ದವು, ಚಾಚಾನ ಚುಕ್ಕಿಗಳು, ಒಂದೂ ಸಾಲು ತಪ್ಪದೆ. ನನ್ನ ಸಂಸಾರದ ಭಾರ ಹೊತ್ತದ್ದು ಅವೇ. ಉಳಿದ ಸುಳ್ಳು ತಲೆಗಳನ್ನೆಲ್ಲ ಉಳಿಯಿಂದ ಎಬ್ಬಿಸಿ ತೆಗೆದೆ.

ಮೊನ್ನೆ ಹಿರೇಕೆರೂರಿನಿಂದ ಬಂದ ಬೀಗತಿ ಅದಕ್ಕೆ ಕೈಯಾಡಿಸಿ, “ಇದಕ್ಕ ರಿವೆಟ್ಟ ಇಲ್ಲಲ್ರಿ, ತಡೀತೈತೇನ್ರಿ?” ಎಂದರು.

ಅರವತ್ತು ದಾಟಿದ, ಮೊಣಕಾಲು ನೋಯುವ ನಾನು ಸೀರೆ ಎತ್ತಿಕಟ್ಟಿ ಟ್ರಂಕಿನ ಮೇಲೆ ಹತ್ತಿ ನಿಂತೆ.